ಅರವತ್ತಕ್ಕೆ ಅರಳಿದ ಹಾಸ್ಯ

ನಮ್ಮ ಗುಬ್ಬಿ ತಾಲ್ಲೂಕಿನಲ್ಲಿ ಇಪ್ಪತ್ತರ ಹುಡುಗ ನಾಲ್ಕು ಜನರನ್ನು ನಗಿಸಿದರೆ ಪೋಲಿ ಎನ್ನುತ್ತಾರೆ. ಮೂವತ್ತಕ್ಕೂ ಅದೇ ಚಾಳಿ ಇದ್ದರೆ ಹೆಣ್ಣು ಕೊಡುವುದಿಲ್ಲ. ಅದೇ ಆಸಾಮಿ ಅರವತ್ತಕ್ಕೆ ನ್ಯೂಜೆರ್ಸಿಯಿಂದ ಬಂದಿಳಿದು ಅದೇ ಹಳಸಲು ನಗೆಹನಿ ಹೇಳಲಿ, ಮೈಸೂರು ಪೇಟ ತೊಡಿಸಿ ‘ಅನಿವಾಸಿ ಹಾಸ್ಯ ಸಾಹಿತಿ’ ಎಂದು ಬ್ಯಾನರ್ ಕಟ್ಟುತ್ತಾರೆ.

ನಗೆಹನಿ ಅದೇ. ಪಾಸ್‌ಪೋರ್ಟ್ ಮಾತ್ರ ಬೇರೆ.

ನೋಡಿ ನೋಡಿ ಸಾಕಾಗಿದೆ. ನಿಮಗೂ ಸಾಕಾಗಿದೆ, ಗೊತ್ತು. ಆದರೂ ಬಾಯಿ ಬಿಡುವುದಿಲ್ಲ. ನಿಮ್ಮ ಅಕ್ಕನ ಮಗ ಮುಂದಿನ ವರ್ಷ ಎಂ.ಎಸ್. ಓದಲು ಹೊರಟಿದ್ದಾನೆ. ಇಳಿದ ಮೊದಲ ವಾರ ಮಲಗಲು ಅವನಿಗೊಂದು ಸೋಫಾ ಬೇಕು. ಸೋಫಾ ಇರುವ ಮನೆಯ ಯಜಮಾನ ಹಾಸ್ಯ ಬರೆದರೆ ನಗಲೇಬೇಕು.

ಈ ಹಾಸ್ಯ ಹುಟ್ಟುವ ಬಗೆ ಎಲ್ಲ ಕಡೆ ಒಂದೇ. ಹುಡುಗ ಬಿದರೆಹಳ್ಳಿ ಕಾವಲ್ ಸುತ್ತಲಿನ ಯಾವುದೋ ಹಳ್ಳಿಯವನು. ನಿಟ್ಟೂರಿನಲ್ಲಿ ಹೈಸ್ಕೂಲು, ತುಮಕೂರಿನಲ್ಲಿ ಇಂಜಿನಿಯರಿಂಗು, ಬೆಂಗಳೂರಿನಲ್ಲಿ ಎರಡು ಕಂಪನಿ, ಆಮೇಲೆ ವಿಮಾನ. ಮೂವತ್ತು ವರ್ಷ ಕನ್ನಡದಲ್ಲಿ ಒಂದಕ್ಷರ ಬರೆಯಲಿಲ್ಲ. ಅಪ್ಪನಿಗೆ ಕಾಗದ ಬರೆಯಲೂ ಪುರುಸೊತ್ತಿರಲಿಲ್ಲ. ಹಾಸ್ಯಪ್ರಜ್ಞೆ ಇತ್ತೋ ಏನೋ, ಮನೆ ಸಾಲದ ಕಂತು ಅದನ್ನು ಅದುಮಿಟ್ಟಿತ್ತು.

ಐವತ್ತೆಂಟಕ್ಕೆ ಸಾಲ ತೀರಿತು. ಮಕ್ಕಳು ಮನೆ ಬಿಟ್ಟವು. ಹೊರಗೆ ಹಿಮ. ಟೀವಿಯಲ್ಲಿ ಏನೂ ಇಲ್ಲ. ಆಗ ಜ್ಞಾನೋದಯವಾಯಿತು: ತನ್ನೊಳಗೆ ಒಬ್ಬ ಬೀಚಿ ಕೂತಿದ್ದಾನೆ!

ಮೊದಲ ಲೇಖನ ಕನ್ನಡ ಕೂಟದ ದೀಪಾವಳಿ ಸ್ಮರಣ ಸಂಚಿಕೆಯಲ್ಲಿ ಬಂತು. ಸಂಪಾದಕ ಭಾವಮೈದ. ಮೂವರು ಗೆಳೆಯರು ‘ಸಖತ್ತಾಗಿ ಬರ್ದಿದೀಯ ಕಣೋ’ ಎಂದರು. ಅವರಲ್ಲಿ ಒಬ್ಬನಿಗೆ ಕನ್ನಡ ಓದುವುದು ಮರೆತುಹೋಗಿ ಕಾಲವಾಗಿತ್ತು. ಹೆಂಡತಿಯಿಂದ ಓದಿಸಿಕೊಂಡು ಮೆಚ್ಚಿದ್ದ. ಸಾಕು. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಪುಸ್ತಕಕ್ಕಾಗುವಷ್ಟು ಲೇಖನ ಸಿದ್ಧ.

ದುಡ್ಡು ಕೊಟ್ಟರೆ ಅಚ್ಚು ಹಾಕಿಕೊಡುವವರಿಗೆ ಬೆಂಗಳೂರಿನಲ್ಲಿ ಬರವಿಲ್ಲ. ಡಾಲರ್‌ನಲ್ಲಿ ಲೆಕ್ಕ ಹಾಕಿದರೆ ಒಂದು ಪುಸ್ತಕದ ಖರ್ಚು ಅಲ್ಲಿ ಒಂದು ಹಲ್ಲು ಕೀಳಿಸುವ ಖರ್ಚಿಗಿಂತ ಕಡಿಮೆ. ಮುನ್ನುಡಿಗೆ ಒಬ್ಬರು ನಿವೃತ್ತ ಪ್ರಾಧ್ಯಾಪಕರು, ಬೆನ್ನುಡಿಗೆ ಇನ್ನೊಬ್ಬರು. ‘ಬೀಚಿ, ರಾಶಿ, ನಾ. ಕಸ್ತೂರಿಯವರ ಪರಂಪರೆಯ ಸಮರ್ಥ ಮುಂದುವರಿಕೆ’ ಎಂದು ಇಬ್ಬರೂ ಬರೆದರು. ಆ ಮೂವರೂ ಬದುಕಿಲ್ಲದ್ದು ಪ್ರಾಧ್ಯಾಪಕರಿಗೆ ಅನುಕೂಲವಾಯಿತು.

ಇನ್ನು ಬಿಡುಗಡೆ. ಅದು ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಆಗುತ್ತದೆ. ಕನ್ನಡ ಸಾಹಿತ್ಯದ ಪಂಚಾಂಗವನ್ನೀಗ ಕ್ರಿಸ್‌ಮಸ್ ರಜೆ ನಿರ್ಧರಿಸುತ್ತದೆ.

ತುಮಕೂರಿನ ಒಂದು ಸಭಾಂಗಣ. ಬಾಗಿಲಲ್ಲಿ ಉಪ್ಪಿಟ್ಟು, ಕೇಸರಿಬಾತು, ಕಾಗದದ ಲೋಟದಲ್ಲಿ ಕಾಫಿ. ವೇದಿಕೆಯ ಮೇಲೆ ಒಂಬತ್ತು ಕುರ್ಚಿ. ಕೆಳಗೆ ಕೂತವರಲ್ಲಿ ಅರ್ಧ ಜನ ನೆಂಟರು, ಕಾಲು ಭಾಗ ಉಪ್ಪಿಟ್ಟಿನವರು, ಉಳಿದವರು ಹೆಸರು ಕೂಗಿದರೆ ಶಾಲು ಸಿಗಬಹುದೆಂದು ಬಂದವರು. ಸೆಲ್ಲೋಫೇನ್ ಸುತ್ತಿದ ಹಣ್ಣಿನ ಬುಟ್ಟಿಗಳು ಸಾಲಾಗಿ ಇಟ್ಟಿವೆ. ಮೇಲೊಂದು ಅನಾನಸು, ಸುತ್ತ ನಾಲ್ಕು ಸೇಬು, ಅಡಿಗೆಲ್ಲ ಹುಲ್ಲು. ಪುಸ್ತಕವೂ ಅದೇ ಹದದಲ್ಲಿದೆ.

ಮುಖ್ಯ ಅತಿಥಿ ಒಂದೂವರೆ ಗಂಟೆ ತಡವಾಗಿ ಬಂದರು. ಬಂದವರೇ ‘ಇವರ ಕಾದಂಬರಿ’ಯನ್ನು ಹೊಗಳಿದರು. ಪ್ರಾಧ್ಯಾಪಕರು ಹಾಸ್ಯದ ಲಕ್ಷಣಗಳ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಯಾರೂ ನಗಲಿಲ್ಲ. ನಗಬೇಕಾದ ಜಾಗ ಯಾವುದೆಂದು ಅವರೂ ಹೇಳಲಿಲ್ಲ.

ಆಮೇಲೆ ಲೇಖಕರು ಎದ್ದರು. ಓದಿದ್ದು ಬಸ್ ಸ್ಟ್ಯಾಂಡಿನ ಶೌಚಾಲಯದ ಮೇಲಿನ ಪ್ರಬಂಧ. ಊರಿಗೆ ಬಂದಾಗ ಅನಿವಾರ್ಯವಾಗಿ ಒಳಗೆ ಹೋದದ್ದು, ಮೂಗು ಹಿಡಿದದ್ದು, ನೀರಿಲ್ಲದ್ದು, ಓಡಿ ಬಂದದ್ದು. ಸಭೆ ಬಿದ್ದು ಬಿದ್ದು ನಕ್ಕಿತು. ವೇದಿಕೆಯ ಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕವರು ಯಾರು ಬಲ್ಲಿರಾ? ಆ ಶೌಚಾಲಯಕ್ಕೆ ನೀರು ಬಿಡಿಸಬೇಕಾದವರು.

ಎರಡನೆಯದು ತಾಲ್ಲೂಕು ಕಚೇರಿಯ ಲಂಚ. ಖಾತೆ ಬದಲಾವಣೆಗೆ ಹೋದ ಅನಿವಾಸಿಯ ಪಾಡು. ಮೂರನೆಯ ಸಾಲಿನಲ್ಲಿ ಕೂತಿದ್ದ ಕಂದಾಯದ ಮಹಾಶಯರೊಬ್ಬರು ಕಣ್ಣೀರು ಒರೆಸಿಕೊಂಡು ನಕ್ಕರು. ಲೇಖಕರು ಆಮೇಲೆ ಅವರಿಗೆ ಹಸ್ತಾಕ್ಷರ ಹಾಕಿ ಒಂದು ಪ್ರತಿ ಕೊಟ್ಟರು. ಬೆಟ್ಟದ ತಪ್ಪಲಿನ ಲೇಖಕರ ಜಮೀನಿನ ಖಾತೆ ಇನ್ನೂ ಬಾಕಿಯಿದೆ.

ಮೂರನೆಯದು ಹಳ್ಳಿಯವರ ಮಾತು. ಹಾಲಿಗೆ ಆಲು, ಹಣ್ಣಿಗೆ ಅಣ್ಣು. ನೂರು ವರ್ಷದಿಂದ ನಾಟಕದವರು, ಸಿನಿಮಾದವರು, ಟೀವಿಯವರು ಉಂಡು ಎಸೆದ ಎಲೆ. ಇವರು ಅದನ್ನು ತೊಳೆದು ಮತ್ತೆ ಹಾಸಿದರು. ಕೊನೆಯ ಸಾಲಿನಲ್ಲಿ ಅಂಥ ಮಾತೇ ಆಡುವ ಒಂದಿಬ್ಬರು ಕೂತಿದ್ದರು. ಲೇಖಕರ ಚಿಕ್ಕಪ್ಪನ ಕಡೆಯವರು. ಅಕ್ಕಪಕ್ಕ ನೋಡಿಕೊಂಡು ಅವರೂ ನಕ್ಕರು. ಲೇಖಕರ ಮಗಳು ಮುಂದಿನ ಸಾಲಿನಲ್ಲಿ ಫೋನ್ ತೀಡುತ್ತಿದ್ದಳು. ಅವಳಿಗೆ ಹಾಲೂ ಬಾರದು, ಆಲೂ ಬಾರದು.

ಪುಸ್ತಕ ಮನೆಗೆ ತಂದು ಪೂರ್ತಿ ಓದಿದೆ. ದುಡ್ಡು ಕೊಟ್ಟಿದ್ದೆ, ಓದದೆ ವಿಧಿಯಿರಲಿಲ್ಲ. ಇನ್ನೂರು ಪುಟದಲ್ಲಿ ಗುಬ್ಬಿಯ ಬಸ್ಸು, ಕಡಬದ ಸಂತೆ, ಕುಣಿಗಲ್ಲಿನ ಸೊಳ್ಳೆ, ತುಮಕೂರಿನ ಟ್ರಾಫಿಕ್ಕು, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಎಲ್ಲ ಬಂದವು. ಮೂವತ್ತು ವರ್ಷ ಉಂಡುಟ್ಟ ದೇಶ ಮಾತ್ರ ಬರಲಿಲ್ಲ. ಅಮೆರಿಕ ಬಂದರೂ ಹೋಲಿಕೆಗೆ ಬಂತು: ಅಲ್ಲಿ ರಸ್ತೆ ಹೇಗೆ, ಅಲ್ಲಿ ಸಾಲು ಹೇಗೆ, ಅಲ್ಲಿ ಪೊಲೀಸ್ ಹೇಗೆ. ನಗುವುದಕ್ಕೆ ಗುಬ್ಬಿ, ಕೈಮುಗಿಯುವುದಕ್ಕೆ ಅಮೆರಿಕ.

ಅಲ್ಲಿ ನಗಲು ಏನೂ ಇಲ್ಲವೇ?

2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂದು ಟ್ರಂಪ್ ಘೋಷಿಸಿದರು. ಊರಿಗೆ ರಜಕ್ಕೆ ಬಂದಿದ್ದವರು ಸೂಟ್‌ಕೇಸ್ ಬಿಚ್ಚದೆ ವಿಮಾನ ನಿಲ್ದಾಣಕ್ಕೆ ಓಡಿದರು. ಲಗ್ನದ ಮಂಟಪದಿಂದ ಎದ್ದು ಹೋಗುವಂಥ ಕಥೆ. ಪ್ರಹಸನಕ್ಕೆ ಬೇರೇನು ಬೇಕು? ಒಬ್ಬ ಹಾಸ್ಯ ಸಾಹಿತಿಯೂ ಬರೆಯಲಿಲ್ಲ. ಎಲ್ಲರೂ ವಕೀಲರಿಗೆ ಫೋನ್ ಮಾಡುವುದರಲ್ಲಿ ನಿರತರು.

2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿ ಕಾನೂನು ಮಾಡಿತು. ಸಿಯಾಟಲ್ ಕಡೆ ಜಾತಿ ಯಾರ ಸೂಟ್‌ಕೇಸಿನಲ್ಲಿ ಹೋಯಿತು? ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಅಂಥದ್ದೇ ಮಸೂದೆ ಒಪ್ಪಿತು, ಗವರ್ನರ್ ಅದನ್ನು ತಿರಸ್ಕರಿಸಿದರು. ಮಸೂದೆ ಬೇಡವೆಂದು ಓಡಾಡಿದವರಲ್ಲಿ ನಮ್ಮ ದೇಶದಿಂದ ಹೋದವರೇ ಎಷ್ಟೋ ಜನ. ಹಳ್ಳಿಯ ಹೋಟೆಲಿನ ಎರಡು ಲೋಟದ ಬಗ್ಗೆ ಹಾಸ್ಯ ಬರೆಯುವ ಕೈ ಈ ವಿಷಯ ಬಂದರೆ ಸೆಟೆದುಕೊಳ್ಳುತ್ತದೆ.

ಕನ್ನಡದ ಕೆಲಸವನ್ನೇ ತೆಗೆದುಕೊಳ್ಳಿ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ ‘ಅಕ್ಕ’ 2000ದಲ್ಲಿ ಹ್ಯೂಸ್ಟನ್‌ನಲ್ಲಿ ಮೊದಲ ವಿಶ್ವ ಕನ್ನಡ ಸಮ್ಮೇಳನ ಮಾಡಿತು. ಹತ್ತು ವರ್ಷ ತುಂಬುವಷ್ಟರಲ್ಲಿ ‘ನಾವಿಕ’ ಎಂಬ ಇನ್ನೊಂದು ಸಂಘ ಹುಟ್ಟಿತು. 2010ರಲ್ಲಿ ಅದೂ ತನ್ನ ಬೇರೆ ಸಮ್ಮೇಳನ ನಡೆಸಿತು. ಅಷ್ಟು ದೂರ ಹೋದರೂ ಕನ್ನಡಿಗ ಬಿಡದೆ ಕೊಂಡೊಯ್ದ ಸಾಮಾನು ಎರಡು: ಉಪ್ಪಿನಕಾಯಿ ಮತ್ತು ಬಣ. ಉಪ್ಪಿನಕಾಯಿಯ ಮೇಲೆ ಪ್ರಬಂಧ ಹತ್ತಿವೆ. ಬಣದ ಮೇಲೆ ಒಂದೂ ಇಲ್ಲ.

ಕಾರಣ ಗೊತ್ತಿರುವುದೇ. 2025ರ ಜೂನ್‌ನಲ್ಲಿ, ವಿದ್ಯಾರ್ಥಿ ವೀಸಾ ಬೇಕಾದವರು ತಮ್ಮ ಸೋಷಿಯಲ್ ಮೀಡಿಯಾ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು ಎಂದು ಅಮೆರಿಕ ಅಪ್ಪಣೆ ಮಾಡಿತು. ಅಂದಮೇಲೆ ಯಾರನ್ನು ನಗಬಹುದು ಎಂಬ ಲೆಕ್ಕ ಸುಲಭ. ವೀಸಾ ಕೊಡುವವನನ್ನು ನಗುವಂತಿಲ್ಲ. ಸಂಬಳ ಕೊಡುವವನನ್ನು ನಗುವಂತಿಲ್ಲ. ಕೂಟದ ಅಧ್ಯಕ್ಷನನ್ನು ನಕ್ಕರೆ ಮುಂದಿನ ಸಂಚಿಕೆಯಲ್ಲಿ ಜಾಗವಿಲ್ಲ. ಕೇಸು ಹಾಕಲು ಬಾರದ, ವಕೀಲನ ನಂಬರ್ ಇಲ್ಲದ, ಪುಸ್ತಕ ಓದದ ಒಬ್ಬನೇ ಉಳಿಯುತ್ತಾನೆ. ಅವನು ಗುಬ್ಬಿಯ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಾನೆ.

ಇದಕ್ಕೆ ಅವರು ‘ತಿಳಿಹಾಸ್ಯ’ ಎನ್ನುತ್ತಾರೆ. ತಿಳಿ ಹೌದು. ಕೆಳಗೆ ಬೇಳೆಯೇ ಇಲ್ಲ.

ಇಲ್ಲಿದ್ದವರು ಭಾರಿ ಧೈರ್ಯಸ್ಥರೇ ಎಂದು ಕೇಳುತ್ತೀರಿ. ಕೇಳಿ. 2021ರ ಜನವರಿಯಲ್ಲಿ ಮುನವ್ವರ್ ಫಾರೂಕಿ ಎಂಬ ಹಾಸ್ಯಗಾರನನ್ನು ಇಂದೋರಿನಲ್ಲಿ ಹಿಡಿದು ಒಂದು ತಿಂಗಳು ಜೈಲಿನಲ್ಲಿಟ್ಟರು. ಅಂದು ಅವನು ಹೇಳದ ಜೋಕಿಗೆ. ಅದೇ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಅವನ ಕಾರ್ಯಕ್ರಮಕ್ಕೆ ಪೊಲೀಸರು ಅನುಮತಿ ಕೊಡಲಿಲ್ಲ. ಹಾಸ್ಯದಿಂದ ಶಾಂತಿ ಕದಡುತ್ತದಂತೆ. ನಮ್ಮ ನಾಯಕರ ಭಾಷಣಗಳಿಂದ ಶಾಂತಿ ಎಂದೂ ಕದಡಿಲ್ಲ, ಬಿಡಿ.

ಹಾಗಾಗಿ ಇಲ್ಲಿನವನು ಬರೆಯುವುದನ್ನು ನಿಲ್ಲಿಸಿ ‘ಗುಡ್ ಮಾರ್ನಿಂಗ್’ ಚಿತ್ರ ಕಳಿಸುತ್ತ ಕೂತ. ಅಲ್ಲಿನವನು ಬಡವನನ್ನು ನಗುತ್ತ ಕೂತ. ಇಬ್ಬರೂ ಕ್ಷೇಮ.

ಹೊರಗೆ ಹೋದವರು ಹಾಸ್ಯ ಬರೆಯಬಾರದೇ? ಧಾರಾಳವಾಗಿ ಬರೆಯಲಿ. ಕನ್ನಡದ ನಗೆಗೆ ಹೊರಗಿನ ಗಾಳಿ ಹಿಂದಿನಿಂದಲೂ ಒಗ್ಗಿದೆ. ಆದರೆ ಒಗ್ಗಿಸಿಕೊಂಡವರು ಏನು ಮಾಡಿದರು ಎಂದು ಒಮ್ಮೆ ತಿರುಗಿ ನೋಡಲಿ.

ಕೈಲಾಸಂ ಲಂಡನ್ನಿಗೆ ಹೋದದ್ದು ಭೂಗರ್ಭಶಾಸ್ತ್ರ ಓದಲು. ಕಲ್ಲು ನೋಡಲು ಹೋದವರು ನಾಟಕ ನೋಡಿಕೊಂಡು ಬಂದರು. 1918ರಲ್ಲಿ ‘ಟೊಳ್ಳು ಗಟ್ಟಿ’ ಬರೆದರು. ಅವರ ಗೇಲಿಗೆ ಸಿಕ್ಕವರು ಇಂಗ್ಲಿಷ್ ಬೆರೆಸಿ ಮಾತಾಡುವ, ಡಿಗ್ರಿ ನೇತುಹಾಕಿಕೊಂಡ ತಮ್ಮದೇ ಜನ. ಅಪ್ಪ ಜಡ್ಜ್. ಮಗ ‘ಬಂಡ್ವಾಳ್ವಿಲ್ಲದ ಬಡಾಯಿ’ಯಲ್ಲಿ ವಕೀಲ ಅಹೋಬ್ಲುವಿನ ಬಣ್ಣ ಬಯಲು ಮಾಡಿದರು. ಈಗಿನ ಹಾಸ್ಯ ಸಾಹಿತಿಗಳು ಮೊದಲು ಓದಬೇಕಾದ ನಾಟಕ ಅದೇ. ಹೆಸರೇ ಸಾಕಷ್ಟು ಹೇಳುತ್ತದೆ.

ಗೊರೂರು ರಾಮಸ್ವಾಮಿ ಅಯ್ಯಂಗಾರರು ಎಪ್ಪತ್ತು ದಾಟಿದ ಮೇಲೆ ಅಮೆರಿಕ ನೋಡಿದರು. ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೇಮಾವತಿ ದಂಡೆಯ ಮುದುಕನ ಕಣ್ಣಿನಿಂದ ಅವರು ಅಮೆರಿಕವನ್ನು ನೋಡಿದರು. ಈಗಿನವರು ಅಮೆರಿಕದ ಕಣ್ಣಿನಿಂದ ಹೇಮಾವತಿ ದಂಡೆಯ ಮುದುಕನನ್ನು ನೋಡುತ್ತಾರೆ.

ಬಿ.ಜಿ.ಎಲ್. ಸ್ವಾಮಿಯವರ ಮಾತು ಬಿಡುವಂತಿಲ್ಲ. ಡಿವಿಜಿಯವರ ಮಗ, ಸಸ್ಯಶಾಸ್ತ್ರಜ್ಞ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕ, ಆಮೇಲೆ ಪ್ರಿನ್ಸಿಪಾಲ್. ‘ಹಸುರು ಹೊನ್ನು’ ಬಂದದ್ದು ಐವತ್ತು ದಾಟಿದ ಮೇಲೆ. 1978ರಲ್ಲಿ ಅದಕ್ಕೂ ಅಕಾಡೆಮಿ ಪ್ರಶಸ್ತಿ ಬಂತು. ತಡವಾಗಿ, ಹೊರಗೆ ಕೂತು ಅರಳಿದ ಹಾಸ್ಯಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಕನ್ನಡದಲ್ಲಿ ನನಗೆ ಕಾಣದು. ಬದುಕಿನ ಬಹುಭಾಗ ದುಡಿದ ಊರಿನ ಪಂಡಿತರ ಜಂಬವನ್ನು ‘ತಮಿಳು ತಲೆಗಳ ನಡುವೆ’ಯಲ್ಲಿ ಸಿಪ್ಪೆ ಸುಲಿದರು. ಕಾಲೇಜಿನ ಒಳರಾಜಕೀಯವನ್ನೂ ಬಿಡಲಿಲ್ಲ. ಅನ್ನ ಕೊಡುವ ಅಂಗಳದಲ್ಲೇ ನಿಂತು ನಕ್ಕ ಮನುಷ್ಯ. ಬಸವನಗುಡಿಯ ಬೀದಿಯನ್ನು ದೂರದಿಂದ ಅಣಕಿಸಿ ಮದರಾಸಿನಲ್ಲಿ ಸುರಕ್ಷಿತವಾಗಿರಲು ಅವರಿಗೆ ಬರುತ್ತಿರಲಿಲ್ಲವೇ? ಮನಸ್ಸು ಬರಲಿಲ್ಲ.

ಹೊರಗಿನ ಪೈಕಿ ವುಡ್‌ಹೌಸ್ ಒಬ್ಬನನ್ನು ಹೇಳಿದರೆ ಸಾಕು. ಇಂಗ್ಲೆಂಡಿನವನು, ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನಲ್ಲಿ ಮುದುಕನಾದ, 1955ರಲ್ಲಿ ಅಮೆರಿಕದ ಪ್ರಜೆಯೂ ಆದ. ಬರೆದದ್ದು ಕೊನೆಯವರೆಗೂ ಬಿಟ್ಟುಬಂದ ಊರಿನ ಮೇಲೆಯೇ. ಆದರೆ ಅವನ ಕಥೆಯಲ್ಲಿ ಪೆದ್ದನಾಗುವವನು ಲಾರ್ಡು. ತೋಟದ ಮಾಲಿ ಬಂದರೆ ಲಾರ್ಡೇ ನಡುಗುತ್ತಾನೆ. ನಮ್ಮವರ ಕಥೆಯಲ್ಲಿ ಮಾಲಿ, ಡ್ರೈವರು, ಕೆಲಸದವಳು ಪೆದ್ದರು. ಲಾರ್ಡು ಅವರೇ ಆಗಿರುವುದರಿಂದ ತೊಂದರೆ.

ನ್ಯಾಯವಾಗಿ ಹೇಳಬೇಕೆಂದರೆ ಅಮೆರಿಕದಲ್ಲಿದ್ದುಕೊಂಡೇ ಶ್ರದ್ಧೆಯಿಂದ ಕೆಲಸ ಮಾಡಿದವರೂ ಇದ್ದಾರೆ. ಅಲ್ಲಿನ ಕನ್ನಡ ಸಾಹಿತ್ಯ ರಂಗ 2007ರಲ್ಲಿ ‘ನಗೆಗನ್ನಡಂ ಗೆಲ್ಗೆ’ ಎಂದು ಹಾಸ್ಯಕ್ಕೇ ಮೀಸಲಾದ ಪುಸ್ತಕ ತಂದಿತು. ಶ್ರೀವತ್ಸ ಜೋಶಿ 2002ರಲ್ಲಿ ‘ವಿಚಿತ್ರಾನ್ನ’ ಅಂಕಣ ಶುರುಮಾಡಿ ವಾರವಾರ ಬರೆದರು. ಅಂಥವರಿಗೆ ಈ ಮಾತು ತಾಗುವುದಿಲ್ಲ. ಯಾರಿಗೆ ತಾಗಬೇಕೋ ಅವರು ಓದುವುದೂ ಇಲ್ಲ.

ಈಗ ಯಾರೂ ಅಚ್ಚು ಹಾಕದ ಹಾಸ್ಯದ ವಿಷಯಕ್ಕೆ ಬರುತ್ತೇನೆ.

ನಮ್ಮ ಲೇಖಕರ ತಾಯಿ ಇದ್ದಾರೆ. ತುಂಬು ವಯಸ್ಸಿನ ಹಿರಿಯರು. ಬಿದರೆಹಳ್ಳಿ ಕಾವಲ್ ಪಕ್ಕದ ಊರಿನಲ್ಲಿ ಒಬ್ಬರೇ ಇರುತ್ತಾರೆ. ಮೊಮ್ಮಗಳ ಬಾಣಂತನಕ್ಕೆ ಎಂದು ಅವರನ್ನು ಆರು ತಿಂಗಳು ಕರೆಸಿಕೊಂಡಿದ್ದರು. ಪ್ರವಾಸಿ ವೀಸಾದಲ್ಲಿ ಹೋದವರು ಅಲ್ಲಿ ಕೆಲಸ ಮಾಡುವಂತಿಲ್ಲ, ಕಾನೂನು ಕಟ್ಟುನಿಟ್ಟು. ಎರಡು ಹೊತ್ತಿನ ಅಡುಗೆ, ಮಗುವಿಗೆ ಎಣ್ಣೆ ನೀರು, ಒಗೆದ ಬಟ್ಟೆ ಮಡಿಸುವುದು ಕೆಲಸವಲ್ಲ. ಅದಕ್ಕೆ ವಾತ್ಸಲ್ಯ ಎಂದು ಹೆಸರು.

ಆ ತಾಯಿ ಅಲ್ಲಿಂದ ತಂಗಿಗೆ ವಾಟ್ಸಾಪ್‌ನಲ್ಲಿ ದನಿ ಕಳಿಸುತ್ತಿದ್ದರು. ತಂಗಿ ಅದನ್ನು ಜಗಲಿಯ ಮೇಲೆ ಕೂತು ಜೋರಾಗಿ ಹಾಕುತ್ತಿದ್ದರು. ಬೀದಿಯ ಹೆಂಗಸರೆಲ್ಲ ಅಡಿಕೆ ಸುಲಿಯುವುದು ಬಿಟ್ಟು ಅಲ್ಲಿಗೆ ಬರುತ್ತಿದ್ದರು. ನಾನೂ ಕೇಳಿದ್ದೇನೆ.

‘ಇಲ್ಲಿ ನಾಯಿಗೆ ಇನ್ಸೂರೆನ್ಸ್ ಐತೆ ಕಣವ್ವಾ. ಅದ್ರ ಹಲ್ಲುಜ್ಜಾಕೆ ಡಾಕ್ಟ್ರು ಅವ್ರೆ. ನಂಗೆ ದವಡೆ ಹಲ್ಲು ನೋವು ಅಂದ್ರೆ, ಊರಿಗೋದ್ಮೇಲೆ ಗುಬ್ಬೀಲಿ ತೋರ್ಸು ಅಂತಾನೆ.’

‘ಬಿಸ್ಲೈತೆ, ಗಾಳಿ ಐತೆ, ಹಗ್ಗಾನೂ ಐತೆ. ಬಟ್ಟೆ ಹೊರಗೆ ಒಣಗಾಕಂಗಿಲ್ವಂತೆ. ಬೀದಿ ಅಂದ ಕೆಡ್ತದಂತೆ. ಕರೆಂಟ್ನಾಗೆ ಒಣಗಿಸ್ತಾರೆ. ಬಾಗಿಲಿಗೆ ಬಣ್ಣ ಹೊಡೀಬೇಕಾದ್ರೂ ಯಾವ್ದೋ ಸಂಘದೋರ ಅಪ್ಪಣೆ ಬೇಕಂತೆ. ನಮ್ಮೂರ ಪಟೇಲ್ರ ಕಾಲದಾಗೂ ಇಷ್ಟಿರ್ಲಿಲ್ಲ ಕಣೆ.’

‘ದೊಡ್ಡ ಆಫೀಸರ್ರು ಅಂತಿದ್ರಲ್ಲ ನನ್ ಮಗನ್ನ. ಗುರುವಾರ ಕಸದ ಗಾಡಿ ಬತ್ತದೆ. ಬುಧವಾರ ರಾತ್ರೀಲಿಂದ್ಲೇ ಅವನ್ಗೆ ನಿದ್ದೆ ಇಲ್ಲ. ಡಬ್ಬ ತಳ್ಕಂಡು ಹೋಯ್ತಾನೆ, ಮೂತಿ ಈ ಕಡೆ ಮಾಡ್ತಾನೆ, ಮತ್ತೆ ಬಂದು ಆ ಕಡೆ ಮಾಡ್ತಾನೆ. ಮದ್ವೆ ಗಂಡ್ನೂ ಹಿಂಗೆ ಅಲಂಕಾರ ಮಾಡಿರ್ಲಿಲ್ಲ.’

ಇದು ಸ್ವಾಮಿ ಹಾಸ್ಯ! ನೋಡುವ ಕಣ್ಣಿದೆ, ಹೆದರದ ನಾಲಿಗೆಯಿದೆ, ಎಲ್ಲಿ ನಿಲ್ಲಿಸಬೇಕೆಂಬ ಅಳತೆಯಿದೆ. ಇಳಿವಯಸ್ಸಿನಲ್ಲಿ, ಪರದೇಶದಲ್ಲಿ, ಇದ್ದಕ್ಕಿದ್ದಂತೆ ಹೊರಬಂದ ಪ್ರತಿಭೆ ಎಂದರೆ ಇದು. ಬೇಕೆಂದರೂ ಮೈಕು ಸಿಗದ ಪ್ರತಿಭೆ.

ಮಗನ ಪುಸ್ತಕದಲ್ಲಿ ಅವರಿಲ್ಲವೇ? ಇದ್ದಾರೆ. ‘ಅಮ್ಮನ ಅಮೆರಿಕ ಅವಾಂತರ’ ಎಂಬ ಪ್ರಬಂಧವೇ ಇದೆ. ಅದರಲ್ಲಿ ಅಮ್ಮ ಪಾತ್ರೆ ತೊಳೆಯುವ ಯಂತ್ರಕ್ಕೆ ಹುಣಸೆಹಣ್ಣು ಹಾಕುತ್ತಾರೆ. ತಾನೇ ತೆರೆಯುವ ಬಾಗಿಲಿಗೆ ಹೆದರುತ್ತಾರೆ. ಅಂಗಡಿಯ ಹುಡುಗಿಗೆ ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ. ಮನೆಯಲ್ಲಿ ಎಲ್ಲರನ್ನೂ ನಗಿಸಿದವರನ್ನು ಪುಸ್ತಕದಲ್ಲಿ ಎಲ್ಲರೂ ನಗುವ ಹಾಗೆ ಮಾಡಿದ್ದಾರೆ. ಕಸದ ಡಬ್ಬದ ಮಾತು ಎಲ್ಲೂ ಇಲ್ಲ. ನಾಯಿಯ ಹಲ್ಲೂ ಇಲ್ಲ.

ಬಿಡುಗಡೆಯ ದಿನ ಆ ತಾಯಿ ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟು ಕೂತಿದ್ದರು. ವೇದಿಕೆಗೆ ಕರೆದು ಒಂದು ಶಾಲು ಹೊದಿಸಿದರು. ‘ಎರಡು ಮಾತು ಆಡಿ’ ಎಂದು ಯಾರೂ ಹೇಳಲಿಲ್ಲ. ನಿರೂಪಕಿ ‘ಇಂಥ ಮಗನನ್ನು ಹೆತ್ತ ಮಹಾತಾಯಿ’ ಎಂದಳು. ಹೆತ್ತದ್ದಷ್ಟೇ ಅವರ ಸಾಹಿತ್ಯ ಸೇವೆ.

ಈ ಜಿಲ್ಲೆಗೆ ನಗೆಯನ್ನು ಹೊರಗಿನಿಂದ ತರಿಸಿಕೊಳ್ಳುವ ದರಿದ್ರ ಯಾಕೆ ಬಂತು? 1884ರಲ್ಲಿ ಗುಬ್ಬಿಯಲ್ಲಿ ನಾಟಕ ಕಂಪನಿ ಕಟ್ಟಿದವರು ನಾವು. ‘ಸದಾರಮೆ’ಯ ಕಳ್ಳನಾಗಿ ವೀರಣ್ಣನವರು ರಂಗಕ್ಕೆ ಬಂದರೆ ಗ್ಯಾಲರಿಯೂ ನಗುತ್ತಿತ್ತು, ಮುಂದಿನ ಕುರ್ಚಿಯೂ ನಗುತ್ತಿತ್ತು. ಅವರು ನಗಿಸುತ್ತಿದ್ದದ್ದು ಕಳ್ಳನ ಬಾಯಲ್ಲಿ ಮುಂದಿನ ಕುರ್ಚಿಯವರ ಬಂಡವಾಳ ಹೇಳಿಸಿ. ತಿಪಟೂರಿನ ನರಸಿಂಹರಾಜು 1954ರ ‘ಬೇಡರ ಕಣ್ಣಪ್ಪ’ದಿಂದ ಮುಂದಕ್ಕೆ ಇಡೀ ನಾಡನ್ನು ನಗಿಸಿದರು. ಅವರ ಜಿಲ್ಲೆಯವರಾದ ನಾವೀಗ ಯಾರೋ ಇಳಿಯುವುದನ್ನು ಕಾಯುತ್ತ ದೇವನಹಳ್ಳಿ ವಿಮಾನ ನಿಲ್ದಾಣದ ಕಡೆ ಮುಖ ಮಾಡಿ ಕೂತಿದ್ದೇವೆ.

ಕಾರ್ಯಕ್ರಮ ಮುಗಿಸಿ ಮನೆದೇವರಿಗೆ ಹೋಗುವಾಗ ಲೇಖಕರ ಇನ್ನೋವಾ ಬಿದರೆಹಳ್ಳಿ ಕಾವಲ್ ಮುಂದೆ ನಿಂತಿತು. ಹೆಲಿಕಾಪ್ಟರ್ ಕಾರ್ಖಾನೆಯ ಕಾಂಪೌಂಡು ಹಿಂದೆ ಕಾಣುವಂತೆ ಒಂದು ಸೆಲ್ಫಿ. ‘ನಾನು ದನ ಕಾಯುತ್ತಿದ್ದ ಜಾಗ’ ಎಂದು ಕೆಳಗೆ ಬರಹ. ಅವರು ದನ ಕಾದದ್ದನ್ನು ಕಂಡವರು ಊರಿನಲ್ಲಿ ಯಾರೂ ಇಲ್ಲ. ದನವೂ ಇಲ್ಲ.

ಬರೆಯುವವನಿಗೆ ಆ ಕಾಂಪೌಂಡಿನ ಸುತ್ತಲೇ ಒಂದು ಪುಸ್ತಕವಿದೆ. 615 ಎಕರೆ. 2016ರ ಜನವರಿ 3ರಂದು ಪ್ರಧಾನಿ ಬಂದು ಶಂಕುಸ್ಥಾಪನೆ ಮಾಡಿದರು. 2023ರ ಫೆಬ್ರುವರಿ 6ರಂದು ಅವರೇ ಬಂದು ಲೋಕಾರ್ಪಣೆ ಮಾಡಿದರು. ನಡುವೆ ಏಳು ವರ್ಷ ನಾವು ಮೇಲೆ ನೋಡುತ್ತಿದ್ದೆವು. ವರ್ಷಕ್ಕೆ 30 ಹೆಲಿಕಾಪ್ಟರ್, ಆಮೇಲೆ 60, ಆಮೇಲೆ 90. 20 ವರ್ಷದಲ್ಲಿ ಸಾವಿರಕ್ಕೂ ಹೆಚ್ಚು, ನಾಲ್ಕು ಲಕ್ಷ ಕೋಟಿ ರೂಪಾಯಿಯ ವಹಿವಾಟು ಎಂದು ಸರ್ಕಾರ ಹೇಳಿತು. ಲೆಕ್ಕ ಕೇಳಿದ ದಲ್ಲಾಳಿಗಳು ಎಕರೆ ಗುಂಟೆ ಬಿಟ್ಟು ಚದರಡಿಗೆ ಬಂದರು. ಊರಿನ ಹುಡುಗರಿಗೆ ಎಷ್ಟು ಕೆಲಸ ಸಿಕ್ಕಿತು ಎಂದು ಕೇಳುವುದು ದೇಶಭಕ್ತರ ಲಕ್ಷಣವಲ್ಲವಂತೆ.

ಶಂಕುಸ್ಥಾಪನೆಯಾದ ಅದೇ 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ತೀರ್ಮಾನಿಸಿತು. ತುಮಕೂರಿನ ಕಾರ್ಖಾನೆಯ ಕಥೆಯೂ ಅಲ್ಲಿಗೆ ಮುಗಿಯಿತು. ಒಂದೇ ಜಿಲ್ಲೆ, ಒಂದೇ ವರ್ಷ. ಒಂದು ಕಡೆ ರೆಕ್ಕೆ ತಿರುಗುತ್ತದೆಂದು ಚಪ್ಪಾಳೆ, ಇನ್ನೊಂದು ಕಡೆ ಮುಳ್ಳು ನಿಂತದ್ದಕ್ಕೆ ಯಾರೂ ಕೇಳುವವರಿಲ್ಲ.

ಹೇಮಾವತಿಯ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ ಬೇಕೆಂದು ಕುಣಿಗಲ್ಲು. ಕೂಡದೆಂದು ಗುಬ್ಬಿ. ಒಂದೇ ಜಿಲ್ಲೆಯ ಎರಡು ತಾಲ್ಲೂಕು ಒಂದೇ ನೀರಿಗೆ ಜಗಳ ಕಾಯುತ್ತಿವೆ. ಎರಡೂ ಕಡೆಯ ಮುಖಂಡರು ಮದುವೆ ಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಊಟ ಮಾಡಿ ಎದ್ದು ಹೋಗಿ ಬೇರೆ ಬೇರೆ ವೇದಿಕೆಯಲ್ಲಿ ಗುಡುಗುತ್ತಾರೆ. ಪ್ರಹಸನಕ್ಕೆ ಇನ್ನೇನು ಬೇಕು?

ಅಲ್ಲಿನವರ ಕಣ್ಣಿಗೆ ಇದು ಬೀಳುವುದಿಲ್ಲ. ಇನ್ನೋವಾದ ಗಾಜು ಕಪ್ಪು. ಇಲ್ಲಿನವರು ಬರೆಯುವುದಿಲ್ಲ. ಮುಖಂಡರ ಪಂಕ್ತಿಯ ಕೊನೆಯಲ್ಲಿ ಒಂದು ಎಲೆ ಅವರಿಗೂ ಹಾಕಿರುತ್ತಾರೆ.

ಡಿಸೆಂಬರ್‌ಗೆ ಮತ್ತೊಂದು ಆಹ್ವಾನ ಪತ್ರಿಕೆ ಬಂದೇ ಬರುತ್ತದೆ. ‘ಇದನ್ನೇ ಖುದ್ದು ಕರೆಯೆಂದು ಭಾವಿಸಿ’ ಎಂಬ ಒಕ್ಕಣೆಯೊಂದಿಗೆ ವಾಟ್ಸಾಪ್‌ನಲ್ಲಿ ಬರುತ್ತದೆ. ಹೋಗಿ. ಉಪ್ಪಿಟ್ಟು ತಿನ್ನಿ, ಅದರದೇನೂ ತಪ್ಪಿಲ್ಲ. ಮುಂದಿನ ಸಾಲಿನಲ್ಲಿ ತಾಯಿ ಕೂತಿದ್ದರೆ ಮೈಕು ಅವರ ಕೈಗೆ ಕೊಡಿ ಎಂದು ಹಿಂದಿನಿಂದ ಕೂಗಿ. ಲೇಖಕರು ಓದುವಾಗ ನಗು ಬಂದರೆ ನಗಿ. ಬರದಿದ್ದರೆ, ನಿಮ್ಮ ದಮ್ಮಯ್ಯ, ನಗಬೇಡಿ.